ಅತ್ತೆಯ ಬೀಪ್ ಮ್ಯಾಟ್

“ಕೆಮ್ಮಿದ್ರೆ ನೋಡು!” ಎಂದು ಗದರಿಸಿ ಲಾಯರ್ ತನ್ನ ತಮ್ಮನನ್ನು ಮಂಚದ ಕೆಳಗೆ ತಳ್ಳಿದಳು.

ಲಾಯರ್ ಎಂದರೆ ಕಪ್ಪು ಕೋಟಿನವರಲ್ಲ, ಐದನೇ ಕ್ಲಾಸಿನ ಹುಡುಗಿ. ಎಲ್ಲದಕ್ಕೂ ವಾದ ಹೂಡುತ್ತಾಳೆಂದು ಮನೆಯವರು ಇಟ್ಟ ಹೆಸರು. ತಮ್ಮ ಪೀಪಿ. ಕುಕ್ಕರ್, ಸ್ಕೂಟರ್, ಹೆಡ್‌ಮಾಸ್ಟರ ಗೊರಕೆ, ಏನು ಬೇಕಾದರೂ ಬಾಯಲ್ಲೇ ಹೊರಡಿಸುತ್ತಾನೆ.

ಇವತ್ತಿನ ವಾದ ಅತ್ತೆಯ ಹೊಸ ಮ್ಯಾಟಿನದು. ಅತ್ತೆ ಟೈಲರ್. ಬಗ್ಗಿ ಬಗ್ಗಿ ಹೊಲಿದು ಅವಳ ಕತ್ತು ಹಿಡಿದುಕೊಂಡಿತ್ತು, ಬೆರಳುಗಳು ಜೋಮು ಹಿಡಿಯುತ್ತಿದ್ದವು. ಮ್ಯಾಟಿಗೆ ಕರೆಂಟು ಕೊಟ್ಟರೆ ‘ಬೀಪ್’ ಎಂದಾಗಲೆಲ್ಲ ಕಾಂತದ ಅಲೆ ಒಳಗೆ ಹೋಗಿ ನೋವು ಓಡಿಸುತ್ತದೆ ಎಂದಿದ್ದ, ಮಾರಿದವನು. ಮ್ಯಾಟು ಬಂದ ಮೇಲೆ, ಯಾರಾದರೂ ಡಾಕ್ಟರ ಹೆಸರೆತ್ತಿದರೆ ಅತ್ತೆ ಉರಿದುಬೀಳುತ್ತಿದ್ದಳು. ನಾಳೆಯ ಅಪಾಯಿಂಟ್‌ಮೆಂಟೂ ಬೇಡವಂತೆ.

ಆದರೆ ನಿನ್ನೆ ಅತ್ತೆಯ ಕೈಯಿಂದ ಕತ್ತರಿ ಜಾರಿ ಬಿದ್ದದ್ದನ್ನು ಲಾಯರ್ ನೋಡಿದ್ದಳು.

“ಮುರಿದ ಮೂಳೆ ಕೂಡೋಕೆ ಆಸ್ಪತ್ರೇಲೂ ಇಂಥದ್ದು ಇಡ್ತಾರಂತೆ ಕಣೇ,” ಎನ್ನುತ್ತಾ ಅತ್ತೆ ಬಂದು ಮಂಚಕ್ಕೆ ಹಾಸಿದ್ದ ಮ್ಯಾಟಿನ ಮೇಲೆ ಮಲಗಿದಳು.

“ಅದು ಡಾಕ್ಟರು ನೋಡಿ ಇಡೋದು ಅತ್ತೆ. ಇದು ಎಲ್ಲಕ್ಕೂ ಅಂತೆ, ಕೂದಲು ಉದುರೋದಕ್ಕೂ! ಟೆಸ್ಟ್ ಮಾಡಿದಾರಾ?”

“ನನ್ನ ಕತ್ತೇ ಟೆಸ್ಟು. ಸ್ವಿಚ್ ಹಾಕು ಹೋಗು.”

ಲಾಯರ್ ಸದ್ದಿಲ್ಲದೆ ಪ್ಲಗ್ಗನ್ನೇ ಕಿತ್ತಳು. ಮಂಚದ ಕೆಳಗಿನಿಂದ “ಬೀಪ್... ಬೀಪ್...” ಶುರುವಾಯಿತು.

“ಆಹಾ! ಇವತ್ತು ಭಾರೀ ಸ್ಟ್ರಾಂಗು. ಕತ್ತೊಳಗೆಲ್ಲ ಜುಂ ಅಂತಿದೆ!”

ಹೊಗಳಿಕೆ ಕೇಳಿ ಪೀಪಿ ಉಬ್ಬಿಹೋದ. ಬೀಪ್ ಜೋರಾಯಿತು. ಹುಮ್ಮಸ್ಸು ತಡೆಯದೆ ಕೊನೆಗೊಂದು ಕುಕ್ಕರ್ ವಿಶಲ್ಲನ್ನೂ ಹೊಡೆದುಬಿಟ್ಟ.

ಅತ್ತೆ ಧಡಕ್ಕನೆ ಎದ್ದು ಮಂಚದ ಕೆಳಗೆ ಬಗ್ಗಿದಳು. ಪೀಪಿ ಹಲ್ಲು ಕಿರಿದ.

“ಪ್ಲಗ್ಗೇ ಹಾಕಿರ್ಲಿಲ್ಲ!” ಲಾಯರ್ ಕುಣಿದಾಡಿದಳು.

ಅತ್ತೆ ನಗಲಿಲ್ಲ. “ಹಾಗಾದ್ರೆ ನನ್ನ ನೋವೂ ಸುಳ್ಳಾ?” ಎಂದಳು. ಅವಳ ಕಣ್ಣು ತುಂಬಿತ್ತು.

ಲಾಯರ್‌ಗೆ ತಟ್ಟನೆ ನಾಚಿಕೆಯಾಯಿತು. ತಯಾರು ಮಾಡಿಕೊಂಡಿದ್ದ ವಾದವನ್ನೆಲ್ಲ ಬಿಟ್ಟು ಅತ್ತೆಗೆ ಅಂಟಿಕೊಂಡು ಕುಳಿತಳು.

“ನೋವು ನಿಜ ಅತ್ತೆ. ನಿನ್ನೆ ಕತ್ತರಿ ಬಿತ್ತಲ್ಲ, ನಂಗೆ ತುಂಬಾ ಭಯ ಆಯ್ತು.”

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನಂಗೂ ಆಯ್ತು ಕಣೇ. ಡಾಕ್ಟರು ಇನ್ನು ಹೊಲೀಲೇಬೇಡ ಅಂದ್ಬಿಟ್ರೆ?”

ಓ, ಅತ್ತೆ ವಾದಿಸುತ್ತಿದ್ದದ್ದು ಮ್ಯಾಟಿಗಾಗಿ ಅಲ್ಲವೇ ಅಲ್ಲ!

“ನಾಳೆ ಡಾಕ್ಟರ ಹತ್ರ ನಾನೂ ಬರ್ತೀನಿ. ಒಳಗೂ ಬರ್ತೀನಿ,” ಎಂದಳು ಲಾಯರ್. ಅತ್ತೆ ಬೇಡ ಎನ್ನಲಿಲ್ಲ.

ಪೀಪಿ ತಲೆ ಹೊರಹಾಕಿ ಪಿಸುಗುಟ್ಟಿದ. “ಅಕ್ಕಾ, ನಾವು ಗೆದ್ವಾ?”

“ಸುಮ್ನಿರೋ,” ಎಂದು ಲಾಯರ್ ಅತ್ತೆಯ ಜೋಮು ಹಿಡಿದ ಬೆರಳುಗಳನ್ನು ಒಂದೊಂದಾಗಿ ತಿಕ್ಕತೊಡಗಿದಳು.