ಸಿಲಬಸ್‌ನಲ್ಲಿಲ್ಲದ ಪ್ರಶ್ನೆ

ಮಧ್ಯಾಹ್ನದ ಊಟದ ಗಲಾಟೆ ಮುಗಿದು ಪೀತಮ್‌ಪುರದ ನಮ್ಮ ಹೋಟೆಲ್ ಖಾಲಿಯಾದ ಮೇಲೆ ನಾನು ಯುಪಿಎಸ್‌ಸಿ ಚೇರ್‌ಮನ್ ಆಗುತ್ತೇನೆ. ಎದುರಿಗೆ ಅಭ್ಯರ್ಥಿ, ನನ್ನ ಭವ್ಯಶ್ರೀ. ರಾಜಿಂದರ್ ನಗರದ ರೂಮಿನಿಂದ ಮೆಟ್ರೋ ಹಿಡಿದು ಬಂದು ಬೆನ್ನು ನೆಟ್ಟಗೆ ಮಾಡಿ ಕೂರುತ್ತಾಳೆ. ನಾನು ಗಂಭೀರ ಮುಖ ಹೊತ್ತು ಪ್ರಶ್ನೆ ಕೇಳುತ್ತೇನೆ. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ ಸರ್’ ಅನ್ನಬೇಕು, ಬುರುಡೆ ಬಿಡುವಂತಿಲ್ಲ. ಇಂಟರ್‌ವ್ಯೂನ ಮೊದಲ ನಿಯಮ ಅದು ಅಂತ ಅವಳೇ ನನಗೆ ಕಲಿಸಿದ್ದು.

ಇವತ್ತು ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಸಂಜೆ ಅಮ್ಮ ಪುತ್ತೂರಿನ ಅವಳ ಮನೆಗೆ ಫೋನ್ ಮಾಡಿ ಸಂಬಂಧದ ಮಾತೆತ್ತುವವರಿದ್ದರು. ಇವಳು ನೋಡಿದರೆ ಈಚೆಗೆ ಬದಲಾಗಿದ್ದಾಳೆ. ಹೊಸದರಲ್ಲಿ ಮೆಟ್ರೋ ರಶ್ಶಿನಲ್ಲಿ ಬೇಕಂತಲೇ ಒತ್ತಿ ನಿಂತು, ಏನೂ ಅರಿಯದವಳಂತೆ ಕಿಟಕಿ ನೋಡುತ್ತಿದ್ದಳು. ಆ ಓರೆನೋಟಕ್ಕೆ ನಾನು ಎಷ್ಟೋ ಸಲ ಇಳಿಯುವ ಸ್ಟೇಷನ್ ಮರೆತಿದ್ದೇನೆ. ಈಗ ಮುತ್ತಿಡಲು ಬಗ್ಗಿದರೆ ಕೆನ್ನೆ ಕೊಡುತ್ತಾಳೆ, ಚಿಕ್ಕಮ್ಮನಿಗೆ ಕೊಟ್ಟ ಹಾಗೆ.

“ಮಿಸ್ ಭವ್ಯಶ್ರೀ, ನಿಮ್ಮ ಈ ಸುಕೇಶ್ ಮೇಲೆ ನಿಮಗೆ ಬೇಸರ ಬಂದಿದೆಯೇ?”

“ಇದು ಸಿಲಬಸ್‌ನಲ್ಲಿ ಇಲ್ಲ ಸರ್.”

“ಉತ್ತರ ಕೊಡಿ.”

ಅವಳ ತುಟಿಯ ನಗು ಹೋಯಿತು.

“ಬೇಸರ ಇಲ್ಲ ಸರ್. ಪ್ರೀತಿ ಜಾಸ್ತಿಯಾಗಿದೆ. ಆಸೆ ಕಡಿಮೆಯಾಗಿದೆ.”

“ಅದೆಂಥ ಲೆಕ್ಕ ಮಾರಾಯ್ತಿ!” ನನ್ನ ಚೇರ್‌ಮನ್‌ಗಿರಿ ಅಲ್ಲಿಗೇ ಮುಗಿಯಿತು.

“ನಾನಿರೋದೇ ಹಾಗೆ ಸುಕೇಶ್. ಫ್ರೇಸೆಕ್ಷುಯಲ್ ಅಂತಾರೆ. ಅಸೆಕ್ಷುಯಲ್, ಅಂದ್ರೆ ದೇಹದ ಆಸೆ ಇಲ್ಲದೋರು, ಕಡಿಮೆ ಇರೋರು, ಎಲ್ರೂ ಒಂದೇ ಥರ ಇರಲ್ಲ; ಇದೂ ಅದರಲ್ಲೊಂದು ಬಗೆ. ನನಗೆ ಹೊಸಬರ ಮೇಲೆ ಸೆಳೆತ ಬರುತ್ತೆ, ಅವರು ನನ್ನವರಾಗ್ತಾ ಆಗ್ತಾ ಅದು ಹೊರಟುಹೋಗುತ್ತೆ. ನಿನಗೆ ಜ್ವರ ಬಂದ್ರೆ ನನಗೆ ಓದೋಕ್ಕಾಗಲ್ಲ. ಆದ್ರೆ ಮುತ್ತು ಬೇಕು ಅಂತ ಅನ್ಸಲ್ಲ.”

ನಾನು ಎದ್ದು ಹೋಗಿ ನೀರು ತಂದೆ, ಕುಡಿಯದೆ ಇಟ್ಟೆ.

“ಹಾಗಾದ್ರೆ ನಾಳೆ ಬೇರೆ ಹೊಸಬ ಬಂದ್ರೆ?” ಕೇಳಬಾರದಿತ್ತು, ಕೇಳಿಬಿಟ್ಟೆ.

“ಕಣ್ಣು ಆ ಕಡೆ ಹೋಗಬಹುದು. ನಾನು ಹೋಗಲ್ಲ.”

“ನನ್ನ ಮೇಲೆ ಆ ಆಸೆ ಮತ್ತೆ ಬರುತ್ತಾ?”

“ಗೊತ್ತಿಲ್ಲ ಸರ್.”

ಅವಳ ಕಣ್ಣು ತುಂಬಿತ್ತು. ಬರುತ್ತೆ ಅಂತ ಒಂದು ಸುಳ್ಳು ಹೇಳಿದ್ದರೆ ನಾನು ನಂಬಿಬಿಡುತ್ತಿದ್ದೆ. ಅವಳು ಹೇಳಲಿಲ್ಲ. ಅದಕ್ಕೇ ಅವಳ ಮೇಲೆ ಇನ್ನಷ್ಟು ಪ್ರೀತಿ ಬಂತು.

“ನನಗೆ ಆಸೆ ಇದೆ ಭವ್ಯಾ. ಇಲ್ಲ ಅಂತ ನಾಟಕ ಆಡೋಕ್ಕಾಗಲ್ಲ.”

“ಗೊತ್ತು. ಅದಕ್ಕೇ ನಿನ್ನಮ್ಮ ಫೋನ್ ಮಾಡೋ ಮೊದಲೇ ಹೇಳ್ತಿದ್ದೀನಿ. ನೀನು ಬೇಡ ಅಂದ್ರೂ ನನಗೆ ಸಿಟ್ಟಿಲ್ಲ.”

ಅಷ್ಟರಲ್ಲಿ ಅಮ್ಮ ಸಂಜೆಯವರೆಗೂ ಕಾಯದೆ ಮೊಬೈಲ್ ಹಿಡಿದು ಬಂದೇಬಿಟ್ಟರು. “ಚಲೋ, ಪುತ್ತೂರಿಗೆ ಫೋನ್ ಮಾಡ್ಲಾ?”

ಭವ್ಯಾ ಬ್ಯಾಗ್ ಎತ್ತಿಕೊಂಡಳು. ನಾನು ಮೇಜು ಸುತ್ತಿ ಹೋಗಿ ಅವಳ ಪಕ್ಕದಲ್ಲಿ ಕುಳಿತೆ.

“ಇವತ್ತು ಬೇಡ ಅಮ್ಮ. ಹುಡುಗಿ ಇವಳೇ. ಆದ್ರೆ ಹೇಗೆ ಬಾಳೋದು ಅಂತ ಮೊದಲು ನಾವಿಬ್ರು ಮಾತಾಡ್ಬೇಕು. ಸ್ವಲ್ಪ ಟೈಮ್ ಕೊಡಿ.”

“ಪ್ರೀತಿ ಮಾಡೋದಕ್ಕೂ ಮೀಟಿಂಗ್ ಬೇಕಾ ಇವರಿಗೆ!” ಎಂದು ಗೊಣಗುತ್ತ ಅಮ್ಮ ಒಳಗೆ ಹೋದರು.

ಭವ್ಯಾ ಮೇಜಿನ ಕೆಳಗೆ ನನ್ನ ಕೈ ಹುಡುಕಿ ಹಿಡಿದುಕೊಂಡಳು. ಅವಳ ಬೆರಳು ತಣ್ಣಗಿತ್ತು.

“ಎಲ್ಲಿಂದ ಶುರು ಮಾಡೋಣ?” ಎಂದೆ.

“ನಿನ್ನಿಂದ. ನಿನಗೆ ಏನೇನು ಬೇಕು, ನಾಚಿಕೊಳ್ಳದೆ ಹೇಳು.”

ಕಿವಿ ಬಿಸಿಯಾಯಿತು. ಆದರೂ ಹೇಳತೊಡಗಿದೆ.