ಹದಿನಾರು ಸುತ್ತಿಗೂ ಒಂದೇ ಗುರುತು

ಸೋಮವಾರದ ನೃತ್ಯ ತಾಲೀಮಿನಲ್ಲಿ ಅವಳು ನಿಂತಲ್ಲೇ ಹದಿನಾರು ಸುತ್ತು ತಿರುಗಿದಳು. ಮಂಗಳವಾರವೂ ಹದಿನಾರು. ಬುಧವಾರ ಬೆಳಿಗ್ಗೆ ಹತ್ತೂಕಾಲಿಗೆ, ಒಂಬತ್ತನೆಯ ಸುತ್ತಿನಲ್ಲಿ, ವೇದಿಕೆಯ ಮೇಲಿನ ಸೀಮೆಸುಣ್ಣದ ಗುರುತಿನಿಂದ ಎರಡಡಿ ಆಚೆಗೆ ಧೊಪ್ಪನೆ ಬಿದ್ದಳು.

"ಶುಕ್ರವಾರ ಪ್ರದರ್ಶನ," ಎಂದರು ನೃತ್ಯದ ಟೀಚರ್. "ಸಂಜೆಯೊಳಗೆ ಸರಿಹೋಗದಿದ್ರೆ ಈ ಭಾಗ ನಿನ್ನ ತಂಗಿಗೆ."

"ಅಯ್ಯೋ, ಬೇಡಪ್ಪಾ! ಮೂರು ಸುತ್ತಿಗೇ ನನಗೆ ತಿಂದಿದ್ದೆಲ್ಲ ಬಾಯಿಗೆ ಬರುತ್ತೆ!" ತಂಗಿ ಕೈಮುಗಿದಳು.

ಅಕ್ಕನಿಗೆ ನಗು ಬರಲಿಲ್ಲ. ಆರು ತಿಂಗಳ ಶ್ರಮ...

ದೇಹ ಎಷ್ಟೇ ವೇಗವಾಗಿ ತಿರುಗಿದರೂ, ಪ್ರತಿ ಸುತ್ತಿಗೂ ಕಣ್ಣು ಒಂದೇ ಗುರುತಿಗೆ ಮರಳಬೇಕು. ಗುರುತು ತಪ್ಪಿದರೆ ತಲೆ ತಿರುಗುತ್ತದೆ. ಅವಳ ಗುರುತು, ಸಭಾಂಗಣದ ಹಿಂಬದಿಯಲ್ಲಿ, ಮೇಜಿನ ದೀಪದ ಬೆಳಕಿನಲ್ಲಿ ಕಾಣುತ್ತಿದ್ದ ಲೈಟಿನವನ ಮುಖ.

ಇಂದು ಅಲ್ಲಿ ಬರೀ ಗೋಡೆ!

'ನನ್ನ ನೋಡಿ ನೋಡಿ ಅವನಿಗೆ ಬೇಸರವಾಯ್ತೇನೋ...'

ಅವಳು ಹುಡುಕಿಕೊಂಡು ಹೋದಾಗ ಅವನು ಪರದೆಯ ಹಿಂದೆ ಕುಳಿತು ಮೊಣಕೈಗೆ ವೈರು ಸುತ್ತುತ್ತಿದ್ದ.

"ಯಾಕ್ರೀ ಜಾಗ ಬಿಟ್ರಿ?"

"ನೀವೇ ಓಡಿಸಿದ್ರಲ್ಲ ಮೇಡಂ! ಎರಡು ದಿನ, ಸುತ್ತಿಗೊಂದು ಸಲ ದುರುಗುಟ್ಟಿ ನೋಡಿದ್ರಿ. ನಾನಲ್ಲಿ ನಿಲ್ಲೋದು ನಿಮಗೆ ಇಷ್ಟವಿಲ್ಲ ಅಂದ್ಕೊಂಡೆ."

"ದುರುಗುಟ್ಟಿದ್ದಾ? ನಿಮ್ಮ ಮುಖ ನೋಡ್ಕೊಂಡೇ ರೀ ನಾನು ಬೀಳದೆ ಇದ್ದಿದ್ದು!"

ವೈರು ಸುತ್ತುತ್ತಿದ್ದ ಕೈ ನಿಂತಿತು.

"ಗೋಡೆಗೆ ಕೆಂಪು ಟೇಪು ಅಂಟಿಸಿಕೊಡ್ಲಾ? ಅದು ಎದ್ದು ಹೋಗಲ್ಲ."

"ಗೋಡೆ ಮೇಲೆ ಗಡಿಯಾರ ಇದೆ. ಪಕ್ಕದಲ್ಲಿ ಬಾಗಿಲಿದೆ. ಇಷ್ಟಿದ್ರೂ ನಿಮ್ಮನ್ನೇ ಯಾಕೆ ಆರಿಸಿಕೊಂಡೆ ಅಂತ ಕೇಳಲ್ವಾ?"

"ಕೇಳಿದೆ ಅಂದ್ಕೊಳ್ಳಿ..."

"ಇಷ್ಟ ಅಂದೆ ಅಂದ್ಕೊಳ್ಳಿ!"

ಅವಳ ಕೆನ್ನೆ ಬಿಸಿಯಾಯಿತು. ಅವನು ವೈರನ್ನು ಮೆಲ್ಲನೆ ಕೆಳಗಿಟ್ಟ.

"ಹಾಗಾದ್ರೆ ನಿಜ ಹೇಳ್ತೀನಿ. ಲೈಟಿನ ಕೆಲಸ ಕೂತೇ ಮಾಡಬಹುದು. ನಾನು ನಿಂತಿದ್ದು... ನಿಮಗೆ ಕಾಣಿಸಲಿ ಅಂತ."

ಸಂಜೆ ಐದಕ್ಕೆ ಅವನು ತನ್ನ ಜಾಗದಲ್ಲಿ ನಿಂತ. ಅವಳು ತಿರುಗತೊಡಗಿದಳು. ತಂಗಿ ಜೋರಾಗಿ ಎಣಿಸಿದಳು. ಎಂಟು... ಒಂಬತ್ತು... ಪ್ರತಿ ಸುತ್ತಿಗೂ ಅದೇ ಮುಖ, ಅದೇ ಬೆಳಕು. ಹದಿನೈದು... ಹದಿನಾರು!

ಎದೆಯ ಮೇಲಿನ ಭಾರ ಒಮ್ಮೆಲೇ ಇಳಿಯಿತು.

"ಇನ್ನು ಕೂತ್ಕೊಳ್ಲಾ?" ಸಭಾಂಗಣದ ಹಿಂಬದಿಯಿಂದ ಅವನು ಕೂಗಿದ.

"ಶುಕ್ರವಾರದವರೆಗೂ ನಿಂತಿರಿ. ಆಮೇಲೆ... ನನ್ನ ಪಕ್ಕದಲ್ಲೇ ಕೂತ್ಕೊಳ್ಳಿ!"

ಟೀಚರ್ ಬಗ್ಗಿ, ಅವಳ ಪಾದವನ್ನೂ ಸೀಮೆಸುಣ್ಣದ ಗುರುತನ್ನೂ ನೋಡಿದರು. ಪಾದ ಒಂದು ಬೆರಳಿನಷ್ಟೂ ಸರಿದಿರಲಿಲ್ಲ.