ಹೆಸರು ಹಿಡಿದು ಕರೆದವಳು

ಫೆಬ್ರವರಿ ಎರಡು, ಸೋಮವಾರ. ಬೆಳಿಗ್ಗೆ ಒಂಬತ್ತೂ ಕಾಲಿಗೆ ಹಗರೆ ಹಾಲಿನ ಡೈರಿಯ ಕಾರ್ಯದರ್ಶಿ ಚನ್ನಬಸವಯ್ಯ ಹಳೇಬೀಡು ಠಾಣೆಗೆ ಬಂದ. ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟ. ಠಾಣೆಗೆ ಚಪ್ಪಲಿ ಬಿಟ್ಟು ಬರುವವರು ಅಪರೂಪ. ಮನುಷ್ಯ ಒಳಗೊಳಗೆ ಹೆದರಿದ್ದಾನೆ ಎಂದು ಹೆಡ್ ಕಾನ್‌ಸ್ಟೆಬಲ್ ರೇವಣಸಿದ್ದಪ್ಪನಿಗೆ ಅಲ್ಲೇ ಅನ್ನಿಸಿತು.

"ಏನಾಯ್ತು ಹೇಳಿ," ಸಬ್ ಇನ್‌ಸ್ಪೆಕ್ಟರ್ ಮಂಜುಳಾ ಕೇಳಿದರು.

"ನಮ್ಮ ಡೈರಿ ಮಿಷನ್ ಮಾತು ನಿಂತೋಗೈತೆ ಮೇಡಮ್."

"ಕೆಟ್ಟಿದ್ರೆ ಕಂಪನಿಯವರನ್ನ ಕರೀರಿ."

"ಕೆಟ್ಟಿಲ್ಲ. ಯಾರೋ ಸ್ಪೀಕರ್ ವೈರು ಕತ್ತರಿಸವ್ರೆ."

ಮಿಷನ್ ವಿಷಯ ಇಷ್ಟು. ಹಾಲು ಸುರಿದರೆ ಎಷ್ಟು ಲೀಟರ್, ಫ್ಯಾಟು ಎಷ್ಟು, ರೇಟು ಎಷ್ಟು ಎಂದು ಪರದೆಯ ಮೇಲೆ ತೋರಿಸುತ್ತದೆ. ಓದು ಬಾರದವರಿಗೆ ಗೊತ್ತಾಗಲೆಂದು ಅದನ್ನೇ ಗಟ್ಟಿಯಾಗಿ ಹೇಳುತ್ತದೆ. ಅರಸೀಕೆರೆಯ ಸಿರಿಧಾರೆ ಸಿಸ್ಟಮ್ಸ್ ಎಂಬ ಸಣ್ಣ ಕಂಪನಿಯ ಸಾಫ್ಟ್‌ವೇರ್ ಅದು.

"ಧ್ವನಿ ಯಾರದ್ದು ಅಂತ ಗೊತ್ತಲ್ಲ?" ಚನ್ನಬಸವಯ್ಯ ದನಿ ತಗ್ಗಿಸಿದ. "ಹುಲಿಕೆರೆ ಹುಡುಗಿ, ಯಶೋಧರಾ ಅಂತ. ಆ ಕಂಪನೀಲೇ ಇಂಜಿನಿಯರ್ ಆಗಿತ್ತು. ಡೆಂಗಿ ಜ್ವರ ಬಂದು ಹೋಗಿ ಎರಡು ವರ್ಷ ಆಯ್ತು. ಮೊನ್ನೆವರ್ಗೂ ಕರೆಂಟು ಹೋಗಿ ಬಂದ್ರೆ ಸಾಕು, ಬೀಗ ಹಾಕಿದ ಡೈರಿ ಒಳಗಿಂದ 'ನಮಸ್ಕಾರ, ಹಾಲು ತಂದ್ರಾ' ಅಂತಿತ್ತು. ಸಂಜೆ ಮೇಲೆ ನಮ್ಮೂರ ಹೆಂಗಸರು ಆ ಹಾದಿ ಬಿಟ್ಟು ಸುತ್ತಾಕ್ಕೊಂಡು ಹೋಗ್ತಾರೆ."

"ಹಾಗಾದ್ರೆ ನಿಂತದ್ದು ಒಳ್ಳೇದೇ ಆಯ್ತಲ್ಲ ಸ್ವಾಮಿ," ಅಂದ ರೇವಣಸಿದ್ದಪ್ಪ.

"ಒಳ್ಳೇದೆಲ್ಲಿ ಬಂತು. ನಾನೇ ಕತ್ತರಿಸಿದೆ ಅಂತಾವ್ರೆ ಊರೋರು."

ಹತ್ತು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆ ಕಲಂ 324, ಆಸ್ತಿಗೆ ನಷ್ಟ. ಆರೋಪಿ: ಅಪರಿಚಿತ.

ಸಂಜೆ ಐದೂವರೆಗೆ ಮಂಜುಳಾ, ರೇವಣಸಿದ್ದಪ್ಪ ಮತ್ತು ಕಾನ್‌ಸ್ಟೆಬಲ್ ಅಕ್ಷತಾ ಹಗರೆಗೆ ಹೋದರು. ಹಾಲು ಹಾಕುವ ಹೊತ್ತು. ಇಬ್ಬರು ಪಂಚರ ಎದುರು ಸ್ಥಳ ಪಂಚನಾಮೆ ನಡೆಯಿತು. ಬೀಗ ಮುರಿದಿಲ್ಲ, ಕಿಟಕಿ ಸರಿಯಾಗಿದೆ. ಅಂದರೆ ಡೈರಿ ತೆರೆದಿದ್ದಾಗಲೇ, ಜನರ ನಡುವೆಯೇ ಕೆಲಸ ಆಗಿದೆ. ತಕ್ಕಡಿ, ಪರದೆ ಯಾವುದಕ್ಕೂ ಗೀರು ಬಿದ್ದಿಲ್ಲ. ಸ್ಪೀಕರಿನ ವೈರು ಮಾತ್ರ ತುಂಡಾಗಿದೆ. ಎರಡು ತುದಿಗೂ ನೀಲಿ ಟೇಪು ಸುತ್ತಿದೆ.

ಅಕ್ಷತಾ ಬಗ್ಗಿ ನೋಡಿದಳು. "ಮೇಡಮ್, ಹಾಳು ಮಾಡೋಕೆ ಬಂದೋನು ಟೇಪ್ ಯಾಕೆ ಸುತ್ತುತಾನೆ? ಗಾಯಕ್ಕೆ ಬಟ್ಟೆ ಕಟ್ಟಿದ ಹಾಗಿದೆ."

ಸಾಲಿನಲ್ಲಿ ಕ್ಯಾನು ಹಿಡಿದು ನಿಂತಿದ್ದ ಮುದುಕಿ ರಂಗಮ್ಮ ಮುಂದೆ ಬಂದಳು. "ಕತ್ತರಿಸಿದೋನು ಇಲ್ಲೇ ನಿಂತವ್ನಲ್ಲ ಕಣವ್ವ. ಈ ಚನ್ನಬಸವಯ್ಯ."

"ನೀವು ನೋಡಿದ್ರಾ ಅಜ್ಜಿ?"

"ನೋಡೋದೇನು? ಮಿಷನ್ನು ಬಾಯಿ ಬಿಡೋಕ್ ಮುಂಚೆ ನನ್ನ ಎಮ್ಮೆ ಹಾಲು ನೀರು, ಇವನ ತಮ್ಮನ ಹಸೀನ ಹಾಲು ಕೆನೆ. ಆ ಹುಡುಗಿ ಮಾತಾಡಕ್ಕೆ ಶುರು ಮಾಡಿದ್ಮೇಲೆ ನನ್ನ ಎಮ್ಮೆಗೆ ಬುದ್ಧಿ ಬಂತು."

ಸಾಲು ನಕ್ಕಿತು.

"ರಂಗಮ್ಮ, ನಾಲಿಗೆ ಬಿಗಿ ಹಿಡಿ," ಅಂದ ಚನ್ನಬಸವಯ್ಯ.

"ನಲವತ್ತು ವರ್ಷ ಹಿಡಿದೇ ಇದ್ನಲ್ಲಪ್ಪ."

"ಈಗ ನಿಮ್ಮ ಫ್ಯಾಟು ಯಾರು ಹೇಳ್ತಾರೆ?" ಮಂಜುಳಾ ಕೇಳಿದರು.

"ವ್ಯಾನಿಗೆ ಕ್ಯಾನು ತುಂಬೋ ಪುಟ್ಟರಾಜ ಓದಿ ಹೇಳ್ತಾನೆ. ಪುಣ್ಯಾತ್ಮ, ಕಡೇ ಹೆಂಗಸಿನ ಹಾಲು ಆಗೋವರ್ಗೂ ನಿಂತಿರ್ತಾನೆ."

ಚನ್ನಬಸವಯ್ಯನಿಗೆ ತಡೆಯಲಾಗಲಿಲ್ಲ. "ಹೋದ ವಾರ ಹುಲಿಕೆರೆ ಡೈರೀಲೂ ಹಿಂಗೇ ಆಗೈತೆ ಮೇಡಮ್. ಅವರು ದೂರು ಕೊಡ್ಲಿಲ್ಲ ಅಷ್ಟೇ. ಅಲ್ಲಿಗೂ ನಾನೇ ಹೋಗಿದ್ನಾ, ಕೇಳಿ ಇವಳನ್ನ."

ಹುಲಿಕೆರೆಗೂ ಹೋಗಿ ನೋಡಿದರು. ಅಲ್ಲೂ ಹಾಗೇ ತುಂಡಾದ ವೈರು, ಅದೇ ನೀಲಿ ಟೇಪು.

ಮಂಗಳವಾರ ಹನ್ನೊಂದು ಗಂಟೆಗೆ ಜೀಪು ಅರಸೀಕೆರೆಯಲ್ಲಿತ್ತು. ಸಿರಿಧಾರೆಯ ಕಚೇರಿ ಕೊಬ್ಬರಿ ಮಂಡಿಯೊಂದರ ಮಹಡಿಯಲ್ಲಿ. ಮೆಟ್ಟಿಲ ತುಂಬ ಕೊಬ್ಬರಿ ವಾಸನೆ, ಮೇಲೆ ಎಸಿ. ಮಾಲೀಕ ಶರತ್ಚಂದ್ರನಿಗೆ ನಲವತ್ತು ಇರಬಹುದು. ಮಾತು ಮೆತ್ತಗೆ.

"ಬರೀ ವೈರು ಕತ್ತರಿಸಿದ ಕೇಸಲ್ಲ ಮೇಡಮ್ ಇದು. ನಮ್ಮ ಲೈಸೆನ್ಸ್ ಇರೋ ಸಾಫ್ಟ್‌ವೇರ್ ಜನರಿಗೆ ತಲುಪದ ಹಾಗೆ ಮಾಡಿದಾರೆ. ಐಟಿ ಕಾಯ್ದೆ ಹಾಕಿ."

"ಅದು ಹಾಕಿದ್ರೆ ತನಿಖೆ ಇನ್‌ಸ್ಪೆಕ್ಟರ್ ದರ್ಜೆಯವರಿಗೆ ಹೋಗುತ್ತೆ. ಮೊದಲು ಆಗಿರೋದೇನು ನೋಡೋಣ. ಈ ಸಾಫ್ಟ್‌ವೇರ್ ಬರೆದದ್ದು ಯಾರು?"

"ಕಂಪನಿ."

"ಕಂಪನಿಗೆ ಕೈ ಇರಲ್ಲ. ಕೂತು ಬರೆದೋರು ಯಾರು?"

"ಯಶೋಧರಾ. ಮಿಷನ್ ಮಾತಾಡ್ಬೇಕು ಅನ್ನೋದೂ ಅವಳದೇ ಯೋಚನೆ. ಅವಳ ಅಜ್ಜಿಗೆ ಓದು ಬರ್ತಿರ್ಲಿಲ್ಲವಂತೆ. ಆದ್ರೆ ನಮ್ಮ ಸಂಬಳದಲ್ಲಿದ್ದಾಗ ಬರೆದದ್ದು. ಕಾನೂನು ಪ್ರಕಾರ ಹಕ್ಕುಸ್ವಾಮ್ಯ ನಮ್ಮದು. ರೆಕಾರ್ಡಿಂಗೂ ನಮ್ಮದೇ."

"ಹುಲಿಕೆರೆಗೂ ಹಗರೆಗೂ ಮಾತ್ರ ಯಾಕೆ ಹೀಗಾಯ್ತು?"

ಶರತ್ಚಂದ್ರ ಸ್ವಲ್ಪ ಯೋಚಿಸಿದ. "ಹೊಸ ಆವೃತ್ತಿ ಹಾಕಿರೋದು ಆ ಎರಡು ಕಡೆ. ನಾಡಿದ್ದು ಗುರುವಾರ ಕಲ್ಲಹಳ್ಳಿಗೆ ಹಾಕ್ತೀವಿ."

"ಹೊಸದರಲ್ಲಿ ಏನಿದೆ?"

"ಹಳೇದ್ರಲ್ಲಿ ಅವಳು ಹೇಳಿ ಹೋಗಿದ್ದನ್ನಷ್ಟೇ ಮಿಷನ್ ಹೇಳ್ತಿತ್ತು. ಈಗ ಆ ಧ್ವನಿ ಇಟ್ಕೊಂಡು ಕಂಪ್ಯೂಟರೇ ಬೇರೆ ಮಾತು ಕಟ್ಟುತ್ತೆ. ಹಾಲು ಹಾಕೋರ ಹೆಸರು ಹಿಡಿದು ಕರೆಯುತ್ತೆ. ಮುಂಚೆ ಒಬ್ಬರ ಹಾಲು ಇನ್ನೊಬ್ಬರ ಖಾತೆಗೆ ಹೋಗ್ತಿತ್ತು. ಈಗ ಆ ಮೋಸ ನಡೆಯಲ್ಲ."

"ಅವರ ಮನೆಯವರನ್ನ ಕೇಳಿದ್ರಾ?"

"ಕೇಳ್ಬೇಕು ಅಂತ ಎಲ್ಲೂ ಬರೆದಿಲ್ಲ ಮೇಡಮ್."

"ಬರೆದಿದೆಯಾ ಅಂತ ನಾನು ಕೇಳ್ಲಿಲ್ಲ."

ಆತ ಕಿಟಕಿಯ ಕಡೆ ನೋಡಿದ. ಕೆಳಗೆ ಯಾರೋ ಕೊಬ್ಬರಿ ಸುರಿಯುತ್ತಿದ್ದರು. "ಇಲ್ಲ. ಕೇಳ್ಲಿಲ್ಲ. ಅವಳ ಮಣ್ಣಿಗೆ ಹೋಗಿದ್ದೆ ನಾನು. ಕೆಟ್ಟವನಲ್ಲ. ಒಂದೂರಲ್ಲಿ ಬೇರೆ ಧ್ವನಿ ಹಾಕಿ ನೋಡಿದ್ವಿ, ಹೆಂಗಸರು ನಂಬ್ಲಿಲ್ಲ. 'ಆ ಹುಡುಗಿ ಹೇಳಿದ್ರೇ ಸರಿ' ಅಂದ್ರು. ನಾನೇನು ಮಾಡ್ಲಿ? ನಾಳೆ ನಮ್ಮ ಟೆಕ್ನಿಷಿಯನ್ ಬಂದು ಎರಡೂ ಕಡೆ ವೈರು ಹಾಕ್ತಾರೆ."

ವಾಪಸು ಬರುವಾಗ ಜೀಪು ಜಾವಗಲ್ ದಾಟಿತು. ಆಮೇಲೆ ರೇವಣಸಿದ್ದಪ್ಪ ಶುರು ಮಾಡಿದ.

"ನಮ್ಮಪ್ಪ ದರ್ಜಿ. ಹೊಲಿದ ಅಂಗಿ ದುಡ್ಡು ಕೊಟ್ಟೋನ್ದು, ಅದರಲ್ಲಿ ಜಗಳ ಇಲ್ಲ. ಈ ಹುಡುಗೀದೂ ಹಂಗೇ ಅಲ್ವೇನಮ್ಮ ಅಕ್ಷತಾ? ಸಂಬಳ ತಗೊಂಡ್ಲು, ಮುಗೀತು."

"ಅಂಗಿ ಕೊಟ್ಟ ಮೇಲೆ ನಿಮ್ಮಪ್ಪನ ಕೈ ನಿಮ್ಮಪ್ಪನ ಜೊತೆ ಮನೆಗೆ ಬರ್ತಿತ್ತಲ್ಲ ಸರ್. ಇವಳ ಗಂಟಲು ಅಲ್ಲೇ ಉಳ್ಕೊಂಡಿದೆ."

"ಹಂಗಂತ ನಿಲ್ಲಿಸಿದ್ರೆ ರಂಗಮ್ಮನ ಎಮ್ಮೆ ಹಾಲು ಮತ್ತೆ ನೀರಾಗುತ್ತೆ."

"ಅದೂ ಹೌದು. ನಮ್ಮಮ್ಮನೂ ಡೈರಿಗೆ ಹಾಲು ಹಾಕ್ತಾಳೆ. ಮಿಷನ್ ಮಾತಾಡ್ಬೇಕು. ಆದ್ರೆ ಕಂಪನಿ ಬದುಕ್ತಿರೋದು ಅವಳ ಮಾತಿಂದ, ಅವಳ ಮನೆಗೆ ಏನು ಹೋಯ್ತು? ನಿಮ್ಮ ಮೊಬೈಲಲ್ಲಿ ದಿನಾ ವಚನ ಹಾಕ್ತೀರಲ್ಲ, ಹಾಡಿದೋರಿಗೆ ಏನು ಹೋಯ್ತು?"

"ಅದು ಯಾರೋ ಕಳಿಸಿದ್ದು ಕಣಮ್ಮ. ವಚನಕ್ಕೆ ದುಡ್ಡು ಕೇಳ್ತಾರಾ?"

"ಹಾಡಿದೋರ ಮನೇಲೂ ಅಕ್ಕಿ ಬೇಯ್ಬೇಕಲ್ಲ ಸರ್."

ಮಂಜುಳಾ ಅವರ ತಲೆಯಲ್ಲಿ ಇದ್ದದ್ದು ಬೇರೆ. ಹುಲಿಕೆರೆ ಡೈರಿಯೊಳಗೂ ಹಗರೆ ಡೈರಿಯೊಳಗೂ ದಿನಾ ಹೋಗಿ, ಮಿಷನ್ ಪಕ್ಕ ನಿಂತರೂ ಯಾರಿಗೂ ಅನುಮಾನ ಬಾರದವರು ಯಾರು? ಹಾಲಿನ ವ್ಯಾನಿನವರು. ಡ್ರೈವರ್ ಒಬ್ಬ, ಕ್ಯಾನು ತುಂಬುವ ಪುಟ್ಟರಾಜು ಒಬ್ಬ.

ಬುಧವಾರ ಬೆಳಿಗ್ಗೆ ಆರೂವರೆಗೆ ಮಂಜುಳಾ, ಅಕ್ಷತಾ ಮಫ್ತಿಯಲ್ಲಿ ಕಲ್ಲಹಳ್ಳಿ ಡೈರಿಯ ಎದುರಿನ ಕಟ್ಟೆಯ ಮೇಲೆ ವ್ಯಾನಿಗೆ ಕಾಯುತ್ತ ಕೂತಿದ್ದರು. ಮಂಜು ಇನ್ನೂ ನೆಲ ಬಿಟ್ಟಿರಲಿಲ್ಲ. ಇಲ್ಲಿ ಹಳೆಯ ಆವೃತ್ತಿ. ಗೋಡೆಯ ಹೊರಗಿನ ಸ್ಪೀಕರಿನಿಂದ ಹುಡುಗಿಯ ದನಿ ಮಂಜಿನೊಳಗೆ ಬರುತ್ತಿತ್ತು.

"ಮೂರು ಲೀಟರ್. ಫ್ಯಾಟು ನಾಲ್ಕು ಪಾಯಿಂಟ್ ಒಂದು. ಹೋಗಿ ಬನ್ನಿ."

ದನಿಯಲ್ಲಿ ಸ್ವಲ್ಪ ನಗು ಇತ್ತು. ರೆಕಾರ್ಡ್ ಮಾಡುವಾಗ ಎದುರಿಗೆ ಯಾರೋ ನಗಿಸಿದ್ದಿರಬೇಕು. ಅಕ್ಷತಾ ಶಾಲು ಬಿಗಿ ಮಾಡಿಕೊಂಡಳು. "ನನಗಿಂತ ಚಿಕ್ಕವಳು ಅನ್ಸುತ್ತೆ ಮೇಡಮ್."

ವ್ಯಾನು ಬಂತು. ಡ್ರೈವರ್ ಇಳಿಯಲೇ ಇಲ್ಲ, ಮೊಬೈಲು ನೋಡುತ್ತ ಕೂತ. ಐವತ್ತೈದರ ಆಸುಪಾಸಿನ, ತೆಳ್ಳಗಿನ ಪುಟ್ಟರಾಜು ಇಳಿದು ಕ್ಯಾನುಗಳನ್ನು ಒಂದೊಂದಾಗಿ ಏರಿಸಿದ. ಹಾಲು ಹಾಕುವವರು ಲೀಟರು, ಫ್ಯಾಟು ಕೇಳಿಸಿಕೊಂಡರೆ ಮುಗಿಯಿತು, 'ಹೋಗಿ ಬನ್ನಿ' ಎನ್ನುವಷ್ಟರಲ್ಲಿ ಬೀದಿಯಲ್ಲಿರುತ್ತಿದ್ದರು. ಕೊನೆಯ ಕ್ಯಾನು ಎತ್ತಿದ ಪುಟ್ಟರಾಜು ಬಾಗಿಲಲ್ಲಿ ನಿಂತ. ಕೊನೆಯ ಹೆಂಗಸಿನ ಹಾಲು ಆಯಿತು.

"ಹೋಗಿ ಬನ್ನಿ," ಅಂದಿತು ಮಿಷನ್.

"ಬತ್ತೀನವ್ವ," ಅಂದ ಪುಟ್ಟರಾಜು, ತಿರುಗಿ ನೋಡದೆ.

ಮಂಜುಳಾ ಕಟ್ಟೆಯಿಂದ ಏಳಲಿಲ್ಲ. ವ್ಯಾನು ಹೋದ ಮೇಲೆ ಡೈರಿಯವನನ್ನು ಕೇಳಿದರು: "ಪುಟ್ಟರಾಜು ಯಾವೂರವರು?"

"ಹುಲಿಕೆರೆ. ಆ ಮಿಷನ್ ಹುಡುಗಿ ಇತ್ತಲ್ಲ, ಅದರ ಅಪ್ಪ."

ಸಂಜೆ ಐದಕ್ಕೆ ಮೂವರೂ ಹುಲಿಕೆರೆಯ ಆ ಮನೆಯ ಬಾಗಿಲಲ್ಲಿದ್ದರು. ಎರಡು ಕೋಣೆಯ ಮನೆ. ಗೋಡೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಪದವಿಯ ನಿಲುವಂಗಿ ತೊಟ್ಟ ಯಶೋಧರಾ. ಫೋಟೋಕ್ಕೆ ಹಾರ ಇರಲಿಲ್ಲ. ಮಂಜುಳಾ ಅದನ್ನು ನೋಡುತ್ತಿರುವುದನ್ನು ಪುಟ್ಟರಾಜುವಿನ ಹೆಂಡತಿ ಮುನಿಯಮ್ಮ ಕಂಡಳು.

"ದಿನಾ ಎರಡು ಹೊತ್ತು ಮಾತಾಡಿಸ್ತಿದ್ಲಲ್ಲವ್ವ. ಹಾರ ಹೆಂಗ್ ಹಾಕೋದು?"

ಪುಟ್ಟರಾಜು ಕೊಟ್ಟಿಗೆಯಿಂದ ಕೈ ಒರೆಸಿಕೊಳ್ಳುತ್ತ ಬಂದ. ಸಮವಸ್ತ್ರ ನೋಡಿ ನಿಂತ.

"ವೈರು ನೀವೇ ಕತ್ತರಿಸಿದ್ದಾ?"

"ಹೂಂ ಮೇಡಮ್."

"ಯಾವುದರಲ್ಲಿ?"

"ವ್ಯಾನಿನ ಕಟಿಂಗ್ ಪ್ಲೇಯರಲ್ಲಿ. ಟೇಪೂ ಅಲ್ಲೇ ಐತೆ."

"ಟೇಪ್ ಯಾಕೆ ಸುತ್ತಿದ್ರಿ?"

"ಹೆಣ್ಣುಮಕ್ಕಳು ಒದ್ದೆ ಕೈಲಿ ಓಡಾಡೋ ಜಾಗ."

"ಮಗಳ ಧ್ವನಿ ಕೇಳೋಕೆ ಆಗ್ಲಿಲ್ವಾ?"

ಪುಟ್ಟರಾಜು ಅವರ ಮುಖ ನೋಡಿದ, ಇಷ್ಟು ದೂರ ಬಂದವರಿಗೆ ಇದು ಹೇಗೆ ತಿಳಿಯಲಿಲ್ಲ ಎನ್ನುವಂತೆ. "ಕೇಳೋಕಂತ್ಲೇ ವ್ಯಾನಿನ ಕೆಲಸಕ್ಕೆ ಸೇರಿದ್ದು ಮೇಡಮ್. ಅದಕ್ ಮುಂಚೆ ಗಾರೆ ಕೆಲಸ ನನ್ನದು. ಒಂಬತ್ತು ಊರಿನ ಡೈರಿ, ಎಲ್ಲಾ ಕಡೆ ಅವಳು. ಹೋಗಿ ಬನ್ನಿ ಅನ್ನೋಳು. ಬತ್ತೀನಿ ಅಂತಿದ್ದೆ. ಅಷ್ಟು ಸಾಕಿತ್ತು."

"ಮತ್ತೆ?"

ಅವನು ಹೆಂಡತಿಯ ಕಡೆ ನೋಡಿದ. ಮುನಿಯಮ್ಮ ಹೇಳಿದಳು. "ಹೋದ ವಾರ ಹಾಲು ಹಾಕಕ್ಕೆ ಹೋಗಿದ್ದೆ. ಖಾತೆ ಇವರ ಹೆಸರಲ್ಲೈತೆ. ಮಿಷನ್ನು..." ಗಂಡನ ಹೆಸರು ಅವಳ ಬಾಯಿಗೆ ಬರಲಿಲ್ಲ. "ಇವರ ಹೆಸರು ಹಿಡಿದು ಕರೀತು. ಅವಳ ದನೀಲಿ. ನಾನು ಹಾಲು ಅಲ್ಲೇ ಬಿಟ್ಟು ಬಂದೆ."

"ಪುಟ್ಟರಾಜು ಅವರೇ, ಅಂತು," ಅಂದ ಅವನು. "ಅಪ್ಪಾಜಿ ಅಂತಿದ್ಲು ಮೇಡಮ್. ಜ್ವರದಲ್ಲಿ ಜ್ಞಾನ ತಪ್ಪಿದಾಗ್ಲೂ ಅಪ್ಪಾಜಿ ಅಂತ್ಲೇ ಅಂದಿದ್ಲು. ಈಗ ದಾರೀಲಿ ಹೋಗೋರನ್ನ ಕರ್ದಂಗೆ ಕರೀತಾಳೆ. ಹಗರೇಲೂ ಹಂಗೇ, ಬದುಕಿದ್ದಾಗ ರಂಗಮ್ಮನಿಗೆ ಅಜ್ಜಿ ಅನ್ನೋಳು, ಈಗ ರಂಗಮ್ಮ ಅವರೇ ಅಂತಾಳೆ. ಅವಳಲ್ಲ ಅದು. ಅವಳ ದನಿ ಹಾಕ್ಕೊಂಡು ಬೇರೆ ಯಾರೋ ಬಂದಂಗೆ." ಮತ್ತೆ ಅಂದ: "ನಮ್ಮೂರ ಡೈರೀಲಿ ನನ್ನನ್ನ ಒಬ್ಬರು 'ಅವರೇ' ಅಂತ ಕರೆದದ್ದು ಅದೇ ಮೊದಲು ಮೇಡಮ್. ಅದೂ ನನ್ನ ಮಗಳ ಬಾಯಲ್ಲಿ ಕರೆಸಿದ್ರು."

ರೇವಣಸಿದ್ದಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಸಂಜೆಯ ಸುತ್ತಿಗೆ ಹೊರಡಲು ಮನೆ ಮುಂದೆ ನಿಂತಿದ್ದ ವ್ಯಾನಿನಿಂದ ಕಟಿಂಗ್ ಪ್ಲೇಯರ್, ಅರ್ಧ ಮುಗಿದ ನೀಲಿ ಟೇಪಿನ ಸುರುಳಿ ಪಂಚರ ಎದುರು ವಶವಾಯಿತು. ಐದು ಐವತ್ತಕ್ಕೆ ದಸ್ತಗಿರಿ. ಜಾಮೀನು ಸಿಗುವ ಅಪರಾಧ, ಠಾಣೆಗೆ ಬಂದು ಬರೆದುಕೊಡಬೇಕು, ಆಮೇಲೆ ಬೇಲೂರು ಕೋರ್ಟಿನಿಂದ ಸಮನ್ಸ್ ಬರುತ್ತದೆ ಎಂದು ಮಂಜುಳಾ ವಿವರಿಸಿದರು.

"ಬತ್ತೀನಿ. ಹಾಲು ಕರೆದಾಗೈತೆ, ಇವಳು ಹೋಗಲ್ಲ. ಡೈರಿಗೆ ಹಾಕ್ಬಿಟ್ಟು ಬರ್ಲಾ?"

ಮಂಜುಳಾ ಒಪ್ಪಿದರು. ಅವನು ಮುಂದೆ, ಪೊಲೀಸರು ಹಿಂದೆ. ಮಧ್ಯಾಹ್ನವಷ್ಟೇ ಕಂಪನಿಯವರು ಬಂದು ವೈರು ಜೋಡಿಸಿ ಹೋಗಿದ್ದರು. ಸಾಲಿನಲ್ಲಿದ್ದ ಹೆಂಗಸರು ಮಾತು ನಿಲ್ಲಿಸಿ ದಾರಿ ಬಿಟ್ಟರು. ಪುಟ್ಟರಾಜು ಹಾಲು ಸುರಿದ.

"ಪುಟ್ಟರಾಜು ಅವರೇ," ಅಂದಿತು ಮಿಷನ್. "ಎರಡು ಲೀಟರ್. ಫ್ಯಾಟು ನಾಲ್ಕು. ಹೋಗಿ ಬನ್ನಿ."

ಅವನು ಉತ್ತರ ಕೊಡಲಿಲ್ಲ. ಖಾಲಿ ಪಾತ್ರೆಯನ್ನು ಪಕ್ಕದ ಮನೆಯಾಕೆಯ ಕೈಗೆ ಕೊಟ್ಟು ಜೀಪು ಹತ್ತಿದ.

ದಾರಿಯಲ್ಲಿ ಮಂಜುಳಾ ಕೇಸ್ ಡೈರಿಗೆ ಏನು ಬರೆಯಬೇಕೆಂದು ಯೋಚಿಸುತ್ತಿದ್ದರು. ಸಾಫ್ಟ್‌ವೇರ್ ಕಂಪನಿಯದ್ದು, ಅದು ಸರಿ. ಮಿಷನ್ ಮಾತಾಡಿದ್ದರಿಂದ ರಂಗಮ್ಮನಿಗೆ ನ್ಯಾಯ ಸಿಕ್ಕಿತು, ಅದೂ ಸರಿ. ಪ್ರೇರಣೆ ಎಂಬಲ್ಲಿ ದ್ವೇಷ ಎಂದಾಗಲೀ ಲಾಭ ಎಂದಾಗಲೀ ಬರೆಯುವಂತಿರಲಿಲ್ಲ. ಕೊನೆಗೆ ಅವರು ಬರೆದದ್ದು ಒಂದೇ ಸಾಲು: ಆರೋಪಿಯ ಮೃತ ಮಗಳು ಬದುಕಿದ್ದಾಗ ಆಡದ ಮಾತನ್ನು ಅವಳ ಧ್ವನಿಯಲ್ಲಿ ಆಡಿಸಲಾಗಿದ್ದು, ಅದನ್ನು ನಿಲ್ಲಿಸುವ ಸಲುವಾಗಿ.

ಕಲ್ಲಹಳ್ಳಿ ತಲುಪುವ ಹೊತ್ತಿಗೆ ಕತ್ತಲಾಗುತ್ತಿತ್ತು. ಊರಲ್ಲಿ ಕರೆಂಟು ಇರಲಿಲ್ಲ. ಡೈರಿಗೆ ಬೀಗ ಬಿದ್ದಿತ್ತು. ಜೀಪು ಅದರ ಮುಂದೆ ಬರುವಾಗ ಬೀದಿದೀಪ ಹತ್ತಿತು, ಮುಚ್ಚಿದ ಕಟ್ಟಡದಿಂದ ದನಿ ಬಂತು. ನಾಳೆ ಇಲ್ಲಿಗೂ ಹೊಸದು ಬರುವುದಿತ್ತು.

"ನಮಸ್ಕಾರ. ಹಾಲು ತಂದ್ರಾ?"

ಹೇಳದಿದ್ದರೂ ಡ್ರೈವರ್ ಜೀಪು ನಿಧಾನ ಮಾಡಿದ. ಹಿಂದಿನ ಸೀಟಿನಲ್ಲಿ ಅಕ್ಷತಾಳ ಪಕ್ಕ ಕೂತಿದ್ದ ಪುಟ್ಟರಾಜು ಕಿಟಕಿಯ ಹತ್ತಿರ ಮುಖ ತಂದ.

"ಇಲ್ಲ ಕಣವ್ವ," ಅಂದ. "ಇವತ್ತಿಲ್ಲ."